ಇಲ್ಲದ ಸಿನಿಮಾದ ಬ್ಲೂ-ರೇ

ಸಿನಿಮಾ ಸುದ್ದಿ ಕೊಡುತ್ತೇವೆಂದು ಹೇಳಿಕೊಂಡು ತಿರುಗುವ ಮಂದಿಯನ್ನು ಕಂಡರೆ ಸ್ಪೂರ್ತಿಗೆ ಮೈಯೆಲ್ಲ ಉರಿಯುತ್ತಿತ್ತು. ಹೀರೊ ಗಡ್ಡ ತೆಗೆಸಿದರೆ ಅದೊಂದು ಬ್ರೇಕಿಂಗ್ ನ್ಯೂಸ್. ಅವನೇ ಮತ್ತೆ ಗಡ್ಡ ಬಿಟ್ಟರೆ ಅದು ಮುಂದಿನ ಚಿತ್ರದ ‘ಮಹಾ ಸುಳಿವು’. ಮುಹೂರ್ತವೇ ಆಗದ ಸಿನಿಮಾದ ಎರಡನೇ ಭಾಗದಲ್ಲಿ ಖಳನಾಯಕ ಯಾರೆಂದು ಇವರು ಒಬ್ಬರನ್ನೊಬ್ಬರು ಮೀರಿಸಿ ಬುರುಡೆ ಬಿಡುತ್ತಿದ್ದರು. ಅದನ್ನು ನಂಬಿಕೊಂಡು ಕೆಳಗೆ ‘ಅಪ್ಡೇಟ್ ಕೊಡಿ ಬಾಸ್’ ಎಂದು ಗೋಗರೆಯುವವರ ಸಾಲು ಬೇರೆ.

ಪೀಣ್ಯದಲ್ಲಿ ವಾಲ್ವ್ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಸ್ಪೂರ್ತಿಗೆ ಕೆಲಸ. ದಿನವೆಲ್ಲ ಸೊಟ್ಟ ಮಾಲನ್ನು ಹುಡುಕಿ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು. ಸಂಜೆ ಜಾಲಹಳ್ಳಿಯ ಮನೆಗೆ ಬಂದು ಅದೇ ಕೆಲಸವನ್ನು ಫೋನಿನಲ್ಲಿ ಮುಂದುವರಿಸುತ್ತಿದ್ದಳು. ಅವಳು ನಡೆಸುತ್ತಿದ್ದ ಪೇಜಿನ ಹೆಸರು ‘ರೀಲು ಬಿಡಬೇಡಿ’. ಯಾವ ಸಿನಿಮಾದ ಡಿಸ್ಕ್ ನಿಜವಾಗಿ ಬಂತು, ಹಳೇ ಡಿವಿಡಿಯನ್ನೇ ಎಳೆದು ಹಿಗ್ಗಿಸಿ ಫೋರ್‌ಕೆ ಎಂದು ಮಾರಿದವರು ಯಾರು, ಯಾವ ಸುದ್ದಿ ಹಸೀ ಸುಳ್ಳು, ಇಷ್ಟನ್ನು ಚುಟುಕಾಗಿ ಬರೆಯುತ್ತಿದ್ದಳು. ಪೇಜಿನಲ್ಲಿ ಹೆಸರು ಹಾಕಿಕೊಂಡಿರಲಿಲ್ಲ. ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಮಗಳು ಸದಾ ಫೋನು ಕುಟ್ಟುತ್ತಾಳೆ ಎಂಬುದಷ್ಟೇ ತಾಯಿ ಮಹಾದೇವಿಯವರ ದೂರು.

ಅವಳು ಕಷ್ಟಪಟ್ಟು ಹೆಕ್ಕಿದ್ದನ್ನು ಕದಿಯುವವರಿಗೇನೂ ಕೊರತೆಯಿರಲಿಲ್ಲ. ಆ ಕಳ್ಳರ ಪೈಕಿ ಹಿರಿಯಣ್ಣ ‘ಸಿನಿ ಸಿಡಿಲು’ ಎಂಬ ಚಾನೆಲ್ಲಿನ ಭಾನುಪ್ರಕಾಶ್. ಅವಳು ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಗಂಟಲು ಹರಿಯುವಂತೆ ಕಿರುಚುವುದೇ ಅವನ ಪತ್ರಿಕೋದ್ಯಮ. ಅವಳು ಹೆಸರೊಂದನ್ನು ತಪ್ಪಾಗಿ ಬರೆದರೆ ಆ ತಪ್ಪನ್ನೂ ಬಿಡದೆ ಎತ್ತಿಕೊಳ್ಳುತ್ತಿದ್ದ.

ಒಂದು ಮಂಗಳವಾರ ಸ್ಪೂರ್ತಿ ಇಂಥವರಿಗೆಂದೇ ಬೋನು ಹೂಡಿದಳು. ‘ಕೊರಡುಕೆರೆ’ ಎಂಬುದೊಂದು ಕಪ್ಪು-ಬಿಳುಪು ಸಿನಿಮಾ. ಎಪ್ಪತ್ತರ ದಶಕದಲ್ಲಿ ಲಕ್ಷ್ಮಯ್ಯ ಎಂಬವರು ತೆಗೆದದ್ದು. ಒಂದು ವಾರ ಓಡಿ ಮರೆಯಾದದ್ದು. ಈಗ ಜರ್ಮನಿಯ ಸಣ್ಣ ಕಂಪನಿಯೊಂದು ಅದನ್ನು ತೊಳೆದು ಬೆಳಗಿ ಬ್ಲೂ-ರೇ ಡಿಸ್ಕ್ ಮಾಡಿದೆ, ಪ್ರತಿಗಳೆಲ್ಲ ಬಂದ ದಿನವೇ ಖಾಲಿ. ಹೀಗೆ ಬರೆದು ಹಾಕಿದಳು. ಅಂಥ ಸಿನಿಮಾ ಭೂಮಿಯ ಮೇಲೆ ಇರಲಿಲ್ಲ. ಲಕ್ಷ್ಮಯ್ಯ ಎಂದರೆ ಅವಳ ಕಾರ್ಖಾನೆಯ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆದುಕೊಳ್ಳುವ ವಾಚ್‌ಮನ್. ಒಂದು ವಾರ ಬಿಟ್ಟು ಗುಟ್ಟು ಒಡೆದು, ಕದ್ದವರ ಹೆಸರನ್ನೆಲ್ಲ ಒಟ್ಟಿಗೆ ಹರಾಜು ಹಾಕುವುದು ಅವಳ ಲೆಕ್ಕಾಚಾರವಾಗಿತ್ತು.

ಊಟದ ಹೊತ್ತಿಗೆ ‘ಸಿನಿ ಸಿಡಿಲು’ ಗುಡುಗಿತು. ಸಂಜೆಯೊಳಗೆ ಇನ್ನೊಬ್ಬ ಆ ಚಿತ್ರದ ನಾಯಕಿ ಯಾರೆಂದು ಪತ್ತೆ ಮಾಡಿದ. ಮತ್ತೊಬ್ಬ ಅದರಲ್ಲೊಂದು ಹಾಡನ್ನು ಒಂದೇ ಶಾಟಿನಲ್ಲಿ ತೆಗೆದಿದ್ದಾರೆಂದ. ಯಾರೋ ಒಬ್ಬ ಮಹಾನುಭಾವ, ತನ್ನ ತಾತ ಅದನ್ನು ಟೆಂಟಿನಲ್ಲಿ ನೋಡಿ ಮೂರು ದಿನ ಊಟ ಬಿಟ್ಟಿದ್ದರು ಎಂದು ಬರೆದ. ಸ್ಪೂರ್ತಿ ಫೋನು ನೋಡುತ್ತ ನಕ್ಕು ನಕ್ಕು ಸುಸ್ತಾದಳು. ಇಂಥ ಪುಕ್ಕಟೆ ಮನರಂಜನೆಯನ್ನು ಯಾವ ಸಿನಿಮಾವೂ ಅವಳಿಗೆ ಕೊಟ್ಟಿರಲಿಲ್ಲ.

ಅದೇ ವಾರದ ಭಾನುವಾರ ಅವಳೂ ಮನೆಯವರೂ ಬ್ರೂಕ್‌ಫೀಲ್ಡಿಗೆ ಗಂಡಿನ ಮನೆ ನೋಡಲು ಹೊರಟರು. ಗಂಡು ಈರೇಶ್, ಹೊಸಪೇಟೆ ಕಡೆಯವನು, ವೈಟ್‌ಫೀಲ್ಡಿನ ಐಟಿ ಕಂಪನಿಯಲ್ಲಿ ಒಳ್ಳೆಯ ಕೆಲಸ. ಹಿಂದಿನ ವಾರ ಜಾಲಹಳ್ಳಿಗೆ ಬಂದು ಹೆಣ್ಣು ನೋಡಿ ಹೋಗಿದ್ದ. ಇಷ್ಟು ವರ್ಷ ಬಂದ ಗಂಡುಗಳೆಲ್ಲ ‘ಅಡುಗೆ ಬರುತ್ತಾ, ಕೆಲಸ ಬಿಡ್ತೀರಾ’ ಎಂದು ಕೇಳಿ ಅವಳ ತಲೆ ಚಿಟ್ಟು ಹಿಡಿಸಿದ್ದರೆ, ಇವನು ಮಾತ್ರ ‘ಸಿನಿಮಾ ಎಲ್ಲಿ ಕೂತು ನೋಡ್ತೀರಾ, ಮುಂದೋ ಹಿಂದೋ’ ಎಂದು ಕೇಳಿದ್ದ. ಅಷ್ಟಕ್ಕೇ ಅವಳಿಗೆ ಅವನು ಹಿಡಿಸಿಬಿಟ್ಟಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ.

ಫ್ಲ್ಯಾಟಿನ ಒಂದು ರೂಮನ್ನು ಅವನು ಸಿನಿಮಾಕ್ಕೇ ಮೀಸಲಿಟ್ಟಿದ್ದ. ಕಪ್ಪು ಪರದೆ, ಮೇಲೆ ಪ್ರೊಜೆಕ್ಟರ್, ಗೋಡೆಯುದ್ದಕ್ಕೂ ಗಾಜಿನ ಬೀರು, ಅದರೊಳಗೆ ಸಾಲು ಸಾಲು ಡಿಸ್ಕು. ಒಳಗೆ ಹೋಗುವಾಗ ಕೈ ಒರೆಸಿಕೊಳ್ಳಲು ಒಂದು ಬಿಳೀ ಬಟ್ಟೆ ಕೊಟ್ಟ. ದೇವರ ಮನೆಗೂ ಇಷ್ಟು ಶುಚಿ ಬೇಕಾಗಿರಲಿಲ್ಲವಲ್ಲ ಎಂದು ಅವಳ ತಂದೆ ಸಿದ್ದಲಿಂಗಯ್ಯನವರು ಹೆಂಡತಿಯ ಮುಖ ನೋಡಿದರು. ಅವರು ಸರಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿದ್ದ ಹಳೇ ಡಿವಿಡಿ ಪ್ಲೇಯರಿನಲ್ಲಿ ವಚನ ಕೇಳಿಕೊಂಡು ಸುಖವಾಗಿದ್ದರು.

‘ನಮ್ ಈರೇಶಂದು ಇದೊಂದಾ ಚಟ ನೋಡ್ರಿ ಬೀಗ್ರ,’ ಎಂದರು ಅವನ ತಾಯಿ ಶರಣಮ್ಮ. ‘ಕುಡಿಯಾದಿಲ್ಲ, ಸೇದಾದಿಲ್ಲ. ಈ ಪಿಚ್ಚರ್ ತಟ್ಟಿ ಕೂಡಿಸ್ಕೊಂತ ಕುಂದರ್ತಾನ.’

‘ಅಮ್ಮ, ತಟ್ಟಿ ಅಲ್ಲ ಅದು. ಫೋರ್‌ಕೆ ಡಿಸ್ಕ್,’ ಎಂದು ಈರೇಶ್ ತಿದ್ದಿದ. ಆಮೇಲೆ ಅವನ ಪಾಠ ಶುರುವಾಯಿತು. ವಿಸಿಡಿಯಲ್ಲಿ ಸಿನಿಮಾ ನೋಡಿದವರು ಸಿನಿಮಾ ನೋಡಿಲ್ಲ, ಮಸಿಬಟ್ಟೆ ನೋಡಿದ್ದಾರೆ. ಡಿವಿಡಿ ಪರವಾಗಿಲ್ಲ, ಬಡವರ ಪಾಲಿಗೆ. ಮೊಬೈಲಿನಲ್ಲಿ, ಓಟಿಟಿಯಲ್ಲಿ ನೋಡುವವರಂತೂ ಮನುಷ್ಯರೇ ಅಲ್ಲ. ‘ಓಟಿಟಿಯಲ್ಲಿ ನೋಡೋದು ಅಂದ್ರೆ ಹೋಳಿಗೆ ಫೋಟೋ ನೆಕ್ಕಿದಂಗೆ ಅಂಕಲ್,’ ಎಂದ.

ಸ್ಪೂರ್ತಿಗೆ ನಗು ಬಂತು. ಮಾತು ಅವಳಿಗೂ ಒಪ್ಪಿಗೆಯೇ. ಆದರೆ ತಂದೆ ಬೀರುವಿನ ಹತ್ತಿರ ಬಗ್ಗಿ ನೋಡಿ, ‘ಇವಕ್ಕೆಲ್ಲ ಮೇಲಿನ ಪ್ಲಾಸ್ಟಿಕ್ಕೇ ತೆಗ್ದಿಲ್ವಲ್ಲ,’ ಎಂದರು.

‘ಸೀಲ್ ಒಡೀಬಾರದು ಅಂಕಲ್. ಒಡೆದ್ರೆ ವ್ಯಾಲ್ಯೂ ಹೋಗುತ್ತೆ.’

‘ಮತ್ತೆ ನೋಡೋದು ಹೆಂಗೆ?’

‘ಕಲೆಕ್ಟರ್ಸ್ ನೋಡಲ್ಲ ಅಂಕಲ್. ಇಟ್ಕೋತಾರೆ.’

ಸಿದ್ದಲಿಂಗಯ್ಯನವರು ‘ಓಹೋ’ ಎಂದರು. ಹೋಳಿಗೆಯನ್ನು ಡಬ್ಬದಲ್ಲೇ ಇಟ್ಟು ಪೂಜಿಸುವವನು ಫೋಟೋ ನೆಕ್ಕುವವರನ್ನು ಆಡಿಕೊಳ್ಳುವುದು ಯಾವ ನ್ಯಾಯವೋ ಎಂದು ಸ್ಪೂರ್ತಿಗೂ ಅನ್ನಿಸಿತು. ಅದನ್ನು ನುಂಗಿಕೊಂಡು, ಮಾತಿಗೆ ಮಾತೆಂದು ಕೇಳಿದಳು: ‘ಕನ್ನಡದ್ದು ಒಂದೂ ಕಾಣಿಸ್ತಿಲ್ಲ?’

ಈರೇಶನ ಮುಖ ಸಣ್ಣದಾಯಿತು. ಬೀರುವಿನ ತುಂಬ ಪರದೇಶದ ಸರಕೇ. ಕನ್ನಡ ಸಿನಿಮಾಗಳು ಇಂಥ ಡಿಸ್ಕಿನಲ್ಲಿ ಬರುವುದೇ ಅಪರೂಪ ಎಂದಿದ್ದರೆ ಮುಗಿಯುತ್ತಿತ್ತು. ಅವನು ಹಾಗೆನ್ನಲಿಲ್ಲ.

‘ಕೊರಡುಕೆರೆ ಇದೆ,’ ಎಂದ.

ಸ್ಪೂರ್ತಿಗೆ ತಪ್ಪಾಗಿ ಕೇಳಿಸಿತೇನೋ ಎನ್ನಿಸಿತು. ‘ಯಾವುದು?’

‘ಕೊರಡುಕೆರೆ. ಲಕ್ಷ್ಮಯ್ಯ ಅವರದ್ದು. ಜರ್ಮನಿಯಿಂದ ತರಿಸಿದೆ. ಇಂಡಿಯಾದಲ್ಲಿ ಇರೋರು ಬೆರಳೆಣಿಕೆ ಜನ. ರೀಲು ಬಿಡಬೇಡಿ ಅಂತ ಒಂದು ಪೇಜ್ ಇದೆ, ಆ ಮನುಷ್ಯ ಹೇಳಿದ್ಮೇಲೆ ಎಲ್ರಿಗೂ ಗೊತ್ತಾಯ್ತು. ನಾನು ಅದಕ್ಕೂ ಮೊದಲೇ ಬುಕ್ ಮಾಡಿದ್ದೆ.’

‘ಎಲ್ಲಿದೆ, ತೋರ್ಸಿ.’

‘ಫ್ರೆಂಡ್ ತಗೊಂಡ್ಹೋಗಿದಾನೆ.’

‘ನೀವು ನೋಡಿದ್ರಾ? ಅಥವಾ ಅದೂ ಸೀಲಾ?’

‘ಎರಡು ಸಲ ನೋಡಿದೆ,’ ಎಂದು ಈರೇಶ್ ಕಿಟಕಿಯ ಕಡೆ ತಿರುಗಿದ. ‘ಕಡೇ ಸೀನು ಇದೆಯಲ್ಲ... ಕೆರೆ ಪೂರ್ತಿ ಒಣಗಿದೆ. ಆದ್ರೂ ಆ ಹೆಂಗಸು ದಿನಾ ಬರೋ ಹೊತ್ತಿಗೇ ಕೊಡ ತಗೊಂಡು ಬರ್ತಾಳೆ. ಬಗ್ಗಿ ಮಣ್ಣಲ್ಲಿ ಕೊಡ ಅದ್ದಿ, ತುಂಬಿರೋ ಕೊಡ ಎತ್ತೋ ಹಂಗೇ ಭಾರವಾಗಿ ಎತ್ಕೊಂಡು ಹೋಗ್ತಾಳೆ. ಕಣ್ಣಲ್ಲಿ ನೀರು ಬಂತು ನಂಗೆ.’

ಕಡೇ ಸೀನನ್ನು ಸ್ಪೂರ್ತಿ ಬರೆದೇ ಇರಲಿಲ್ಲ, ಕದ್ದವರೂ ಬರೆದಿರಲಿಲ್ಲ. ಇವನು ನಿಂತ ನಿಲುವಿನಲ್ಲಿ ಕಟ್ಟಿದ್ದ. ಸೀನು ಚೆನ್ನಾಗಿತ್ತು ಬೇರೆ. ಇವನು ಸುಳ್ಳುಗಾರ ಎಂಬುದು ಖಾತ್ರಿಯಾದ ಆ ಕ್ಷಣದಲ್ಲೇ ಇವನ ಜೊತೆ ಕೂತು ಸಿನಿಮಾ ನೋಡಬೇಕು ಎಂಬ ಆಸೆಯೂ ಹುಟ್ಟಿದ್ದು ಅವಳಿಗೆ ಪರಮ ನಾಚಿಕೆಯ ಸಂಗತಿಯಾಗಿ ಕಂಡಿತು.

ಮನೆಗೆ ಬಂದು ಬಹಳ ಯೋಚಿಸಿದಳು. ಹೆಣ್ಣಿನ ಮನೆಯವರ ಮುಂದೆ ಗಂಡುಗಳು ಸ್ವಲ್ಪ ಕೊಚ್ಚಿಕೊಳ್ಳುವುದು ಇದ್ದದ್ದೇ. ಸಂಬಳ ಹೆಚ್ಚು ಹೇಳುತ್ತಾರೆ, ಎತ್ತರ ಹೆಚ್ಚು ಹೇಳುತ್ತಾರೆ. ಇವನು ಒಂದು ಡಿಸ್ಕ್ ಹೆಚ್ಚು ಹೇಳಿದ. ಇರಲಿ. ಒಂದೇ ಒಂದು ಸಲ ‘ಅದು ನನ್ನ ಹತ್ರ ಇಲ್ಲ, ಸುಮ್ನೆ ಅಂದೆ’ ಎಂದುಬಿಟ್ಟರೆ ಇವನನ್ನೇ ಮದುವೆಯಾಗುತ್ತೇನೆ, ಇಲ್ಲದಿದ್ದರೆ ಇಲ್ಲ, ಎಂದು ನಿರ್ಧರಿಸಿದಳು. ಅವನಿಗೆ ಅವಕಾಶ ಸಿಗಲೆಂದು ಗುಟ್ಟು ಒಡೆಯುವುದನ್ನೂ ಮುಂದಕ್ಕೆ ಹಾಕಿದಳು. ಊರೆಲ್ಲ ‘ಕೊರಡುಕೆರೆ’ಯ ಜಪ ಮಾಡುತ್ತಿದ್ದರೂ ಬಾಯಿ ಬಿಡಲಿಲ್ಲ. ರೀಲು ಬಿಡಬೇಡಿ ಎಂದು ಬೋರ್ಡು ಹಾಕಿಕೊಂಡವಳೇ ರೀಲನ್ನು ಕಾಯುತ್ತ ಕೂತಳು.

ಅವಕಾಶವೇನು ಕಡಿಮೆ ಕೊಟ್ಟಳೇ? ಬ್ರೂಕ್‌ಫೀಲ್ಡಿನ ಹೋಟೆಲೊಂದರಲ್ಲಿ ಇಬ್ಬರೇ ಕಾಫಿಗೆ ಸಿಕ್ಕಾಗ ಮೆಲ್ಲಗೆ ವಿಷಯ ತೆಗೆದಳು. ‘ನಾನೂ ಚಿಕ್ಕೋಳಿದ್ದಾಗ ನೋಡದಿರೋ ಸಿನಿಮಾನ ನೋಡಿದೀನಿ ಅಂತ ಫ್ರೆಂಡ್ಸ್ ಹತ್ರ ಕೊಚ್ಕೋತಿದ್ದೆ,’ ಎಂದು ದಾರಿಯನ್ನೂ ಮಾಡಿಕೊಟ್ಟಳು. ಅವನು ‘ಅಂಥೋರನ್ನ ಕಂಡ್ರೆ ನಂಗೆ ಆಗಲ್ಲಪ್ಪ’ ಎಂದು ಮೂಗು ಮುರಿದು, ಕೊರಡುಕೆರೆಯ ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಎಷ್ಟು ತಪ್ಪುಗಳಿವೆ ಎಂಬುದನ್ನು ವಿವರಿಸಿದ. ಕಾಫಿ ಆರಿಹೋಯಿತು.

ಇನ್ನೊಮ್ಮೆ ಫೋನಿನಲ್ಲಿ, ‘ಆ ಡಿಸ್ಕ್ ಬಂದೇ ಇಲ್ಲ ಅಂತ ನಮ್ಮ ಫ್ಯಾಕ್ಟರೀಲಿ ಒಬ್ಬಳು ಹೇಳಿದ್ಲು,’ ಎಂದಳು.

‘ಯಾರವಳು? ಪೀಣ್ಯದಲ್ಲಿ ನಟ್ಟು ಬೋಲ್ಟು ಎಣಿಸೋರಿಗೆ ಇದೆಲ್ಲ ಏನ್ರೀ ಗೊತ್ತಾಗುತ್ತೆ?’ ಎಂದು ನಕ್ಕ ಈರೇಶ್. ತಾನು ಮಾತಾಡುತ್ತಿರುವುದು ಯಾರ ಜೊತೆ ಎಂಬುದು ಆಮೇಲೆ ನೆನಪಾಗಿರಬೇಕು. ‘ನಿಮಗಲ್ಲ ಅಂದಿದ್ದು,’ ಎಂದು ಸೇರಿಸಿದ. ಸ್ಪೂರ್ತಿ ಹಲ್ಲು ಕಚ್ಚಿಕೊಂಡಳು. ಅಂದೇ ಬೇಡ ಎಂದುಬಿಡಬಹುದಾಗಿತ್ತು. ಆದರೆ ಮನೆಯಲ್ಲಿ ಮಾತುಕತೆ ಮುಗಿದು ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು. ಅಲ್ಲದೆ ಅವಳಿಗೆ ಇನ್ನೂ ಆಸೆಯಿತ್ತು. ಅಷ್ಟು ಒಳ್ಳೆಯ ಸೀನು ಕಟ್ಟಬಲ್ಲವನ ಬಾಯಲ್ಲಿ ಒಂದು ನಿಜ ಹೊರಡುವುದಿಲ್ಲವೇ ಎಂದು ಮತ್ತೆ ಮತ್ತೆ ಅಂದುಕೊಂಡಳು.

ಶಾಸ್ತ್ರದ ದಿನ ಗಂಡಿನ ಕಡೆಯವರು ಜಾಲಹಳ್ಳಿಯ ಮನೆಗೆ ಬಂದರು. ನಡುಮನೆಯಲ್ಲಿ ಜಮಖಾನ ಹಾಸಿ, ತಟ್ಟೆಗಳಲ್ಲಿ ಸೀರೆ, ಕಾಯಿ, ಸಕ್ಕರೆ, ಮಲ್ಲಿಗೆ ದಂಡೆ ಜೋಡಿಸಿಟ್ಟಿದ್ದರು. ಹೂ ಮುಡಿಸುವ ಮೊದಲು ಈರೇಶ್ ಎದ್ದು ನಿಂತು, ‘ಇವರಿಗೆ ನಂದೊಂದು ಗಿಫ್ಟ್ ಇದೆ,’ ಎಂದ. ಬಣ್ಣದ ಕಾಗದ ಸುತ್ತಿದ ಚಪ್ಪಟೆ ಪೊಟ್ಟಣವನ್ನು ಎಲ್ಲರೆದುರು ಸ್ಪೂರ್ತಿಯ ಕೈಗಿತ್ತ. ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು.

ಕಾಗದ ಬಿಚ್ಚಿದರೆ ‘ಕೊರಡುಕೆರೆ’.

ನೀಲಿ ಡಬ್ಬ, ಮೇಲೆ ಕೆರೆಯೊಂದರ ಫೋಟೋ. ಒಣಗಿದ ಕೆರೆ ಸಿಗಲಿಲ್ಲವೋ ಏನೋ, ತಾವರೆ ತುಂಬಿ ತುಳುಕುವ ಕೆರೆಯನ್ನೇ ಕಪ್ಪು-ಬಿಳುಪು ಮಾಡಿ ಅಂಟಿಸಿದ್ದ. ಕೆಳಗೆ ‘ನಿರ್ದೇಶನ: ಲಕ್ಷ್ಮಯ್ಯ’. ಯಾವನೋ ಕದೀಮ ಸೇರಿಸಿದ್ದ ನಾಯಕಿಯ ಹೆಸರು, ಇನ್ಯಾವನೋ ಹುಟ್ಟಿಸಿದ್ದ ಒಂದೇ ಶಾಟಿನ ಹಾಡು, ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಮೇಲೆ ಸುತ್ತಿದ್ದ ಪ್ಲಾಸ್ಟಿಕ್ಕು ಅಡುಗೆಮನೆಯಲ್ಲಿ ಉಳಿದ ಸಾರಿನ ಬಟ್ಟಲಿಗೆ ಸುತ್ತುವಂಥದ್ದು. ಬಿಸಿಗಾಳಿ ಹಿಡಿದು ಬಿಗಿ ಮಾಡಿದ್ದ. ಒಂದು ಮೂಲೆಯಲ್ಲಿ ಸುಟ್ಟು ಮುದುರಿತ್ತು. ತಲೆಗೆ ಹೂ ಮುಡಿಸಲು ಬಂದವನು ಕಿವಿಯ ಮೇಲೆ ಹೂವಿಟ್ಟಿದ್ದ.

‘ಏನವಾ ಅದು, ತಟ್ಟಿ?’ ಎಂದು ಶರಣಮ್ಮ ಕುತ್ತಿಗೆ ಚಾಚಿದರು.

‘ಬಾಳ ಅಪರೂಪದ್ದಮ್ಮ,’ ಎಂದ ಈರೇಶ್. ‘ಇವರಿಗೆ ಗೊತ್ತು ಅದರ ಬೆಲೆ.’

ಸ್ಪೂರ್ತಿ ಉಗುರಿನಿಂದ ಪ್ಲಾಸ್ಟಿಕ್ಕಿನ ಅಂಚನ್ನು ಕೆರೆದಳು. ಈರೇಶ್ ಥಟ್ಟನೆ ಕೈ ಅಡ್ಡ ಹಿಡಿದ. ‘ಸೀಲ್ ಒಡೀಬೇಡಿ. ವ್ಯಾಲ್ಯೂ ಹೋಗುತ್ತೆ.’

‘ನೀವು ಎರಡು ಸಲ ನೋಡಿದ್ರಲ್ಲ. ಮತ್ತೆ ಸೀಲ್ ಹೆಂಗೆ ಬಂತು?’

‘ಇದು ಬೇರೆ ಕಾಪಿ. ನಿಮಗೋಸ್ಕರ ತರಿಸಿದ್ದು.’

‘ನನಗೆ ತಾನೆ?’ ಎಂದು ಅವಳು ಪ್ಲಾಸ್ಟಿಕ್ಕನ್ನು ಹರಿದಳು. ಡಬ್ಬ ತೆಗೆದಳು. ಒಳಗೊಂದು ತಟ್ಟೆ ಇತ್ತು, ಇಲ್ಲವೆನ್ನುವಂತಿಲ್ಲ. ಕಂಪ್ಯೂಟರಿಗೆ ಪ್ರಿಂಟರ್ ಕೊಂಡಾಗ ಜೊತೆಗೆ ಕೊಡುವ ಸೀಡಿ. ಪ್ರಿಂಟರಿನ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಮೊದಲು ಇದನ್ನು ಇನ್‌ಸ್ಟಾಲ್ ಮಾಡಿ’ ಎಂಬ ಬರಹ. ಸೀಲು ಒಡೆಯುವವರು ಯಾರೂ ಇಲ್ಲದ ಲೋಕದಲ್ಲಿ ಬದುಕುವವನಿಗೆ, ಒಳಗೆ ಏನಿಟ್ಟರೇನು ಎನ್ನಿಸಿರಬೇಕು. ಬೀರುವಿನಲ್ಲಿದ್ದ ಯಾವುದಾದರೂ ನಿಜವಾದ ಸಿನಿಮಾವನ್ನು ಇಡಲೂ ಅವನಿಗೆ ಮನಸ್ಸು ಬಂದಿರಲಿಲ್ಲ.

ಈರೇಶನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ, ಭಲೇ, ತಲೆಯ ಮೇಲೆ ಕೈ ಹೊತ್ತುಕೊಂಡ. ‘ಮೋಸ ಮಾಡಿದಾರೆ ಅಂಕಲ್. ಜರ್ಮನಿಯೋರು ಅಂತ ನಂಬಿದ್ದಕ್ಕೆ ನೋಡಿ ಹೆಂಗೆ ಟೋಪಿ ಹಾಕಿದಾರೆ,’ ಎಂದ. ಅವನ ದನಿ ನಿಜಕ್ಕೂ ನಡುಗಿತು.

‘ಅಯ್ಯ ನನ ಕೂಸ, ಹೆಂಡ್ತಿ ಆಗಾಕಿಗೆ ಅಂತ ಆಸೆಲಿ ತರಿಸಿದ್ದು,’ ಎಂದು ಶರಣಮ್ಮ ಲೊಚಗುಟ್ಟಿದರು. ಕೂತಿದ್ದವರೆಲ್ಲ ಆನ್‌ಲೈನಿನಲ್ಲಿ ತಮಗಾದ ಮೋಸಗಳನ್ನು ಹೇಳಿಕೊಳ್ಳತೊಡಗಿದರು. ಒಬ್ಬರಿಗೆ ಮೊಬೈಲ್ ಬದಲು ಸೋಪು ಬಂದಿತ್ತಂತೆ. ಮಹಾದೇವಿಯವರೂ ‘ಪಾಪ ಹುಡುಗ’ ಎಂದರು. ಸ್ಪೂರ್ತಿ ದಂಗಾಗಿ ನೋಡುತ್ತಿದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಐದು ನಿಮಿಷದಲ್ಲಿ ಹೂ ಮುಡಿಸಿ, ಸಕ್ಕರೆ ಹಂಚಿ, ಅವಳ ಬಾಳು ಈ ಪ್ರಿಂಟರ್ ಸೀಡಿಯವನ ಜೊತೆ ಸೀಲಾಗುತ್ತಿತ್ತು.

‘ಯಾರೂ ಮೋಸ ಮಾಡಿಲ್ಲ,’ ಎಂದಳು. ‘ಆ ಡಿಸ್ಕ್ ಇಲ್ಲ. ಆ ಸಿನಿಮಾನೇ ಇಲ್ಲ. ನಾನೇ ಹುಟ್ಟಿಸಿದ್ದು. ರೀಲು ಬಿಡಬೇಡಿ ಪೇಜ್ ನಡೆಸೋದು ನಾನು. ಸುದ್ದಿ ಕದಿಯೋರನ್ನ ಹಿಡಿಯೋಕೆ ಬರೆದೆ. ಲಕ್ಷ್ಮಯ್ಯ ನಮ್ಮ ಫ್ಯಾಕ್ಟರಿ ವಾಚ್‌ಮನ್.’

ಸಿದ್ದಲಿಂಗಯ್ಯನವರು ಮಗಳನ್ನೂ ಈರೇಶನನ್ನೂ ನೋಡಿದರು. ಮೊದಲು ಬಾಯಿ ತೆರೆದದ್ದು ಶರಣಮ್ಮ.

‘ಅಂದ್ರ ಮೊದ್ಲು ಸುಳ್ಳು ಹೇಳಿದಾಕಿ ನೀನು.’

‘ಹೌದು ಅತ್ತೆ.’

‘ಅವನೂ ಹೇಳಿದ, ನೀನೂ ಹೇಳಿದಿ. ಇಬ್ರದೂ ಸರಿಹೋತು. ಜೋಡಿ ಬೇಸೈತಿ. ಏಳ್ರಿ, ಹೂ ಮುಡಿಸ್ರಿ,’ ಎಂದು ಆಕೆ ದಂಡೆಯ ತಟ್ಟೆಗೆ ಕೈ ಹಾಕಿದರು. ಒಂದಿಬ್ಬರು ನಕ್ಕರು. ಶಾಸ್ತ್ರ ನಿಂತುಹೋಗದಿದ್ದರೆ ಸಾಕೆಂದು ಕೂತಿದ್ದ ಮಂದಿಗೆ ಆ ತೀರ್ಮಾನ ಬಹಳ ಹಿಡಿಸಿತು.

‘ಒಂದ್ನಿಮಿಷ ಅಮ್ಮ,’ ಎಂದು ಈರೇಶ್ ತಡೆದ. ‘ಸ್ಪೂರ್ತಿ, ಸ್ವಲ್ಪ ಆಚೆ ಬರ್ತೀರಾ?’

ಇಬ್ಬರೂ ಹಿತ್ತಲಿಗೆ ಬಂದರು. ಒಗೆದ ಬಟ್ಟೆಗಳ ನಡುವೆ ಅವನು ತಲೆ ತಗ್ಗಿಸಿ ನಿಂತ. ಜಂಬವೆಲ್ಲ ಇಳಿದು, ಮೊದಲ ದಿನ ಹೆಣ್ಣು ನೋಡಲು ಬಂದಿದ್ದ ಹುಡುಗನಂತೆಯೇ ಕಂಡ. ಈಗ ಹೇಳುತ್ತಾನೆ ಎಂದುಕೊಂಡಳು ಸ್ಪೂರ್ತಿ. ಈಗ ಹೇಳಿದರೂ ಸಾಕು, ಒಳಗೆ ಹೋಗಿ ತಲೆ ಬಗ್ಗಿಸಿ ಕೂರುತ್ತೇನೆ. ಅವಳು ಅವನನ್ನು ಅಷ್ಟು ಇಷ್ಟಪಟ್ಟಿದ್ದಳು.

‘ಆ ಪೇಜ್ ನಿಜವಾಗ್ಲೂ ನಿಮ್ದೇನಾ?’ ಎಂದ ಈರೇಶ್.

‘ನಂದೇ.’

‘ನಮ್ ಕಲೆಕ್ಟರ್ಸ್ ಗ್ರೂಪಲ್ಲಿ ಎಲ್ಲರೂ ಅದನ್ನೇ ಓದೋದು.’ ‘ಒಂದು ಮಾತು ಕೇಳ್ಬೇಕಿತ್ತು. ಬೇಜಾರು ಮಾಡ್ಕೋಬೇಡಿ.’

‘ಹೇಳಿ.’

‘ಆ ಸಿನಿಮಾ ಇಲ್ಲ ಅಂತ ಮಾತ್ರ ಹಾಕ್ಬೇಡಿ. ಗ್ರೂಪಲ್ಲಿ ನಾನು ಆಗ್ಲೇ ರಿವ್ಯೂ ಬರೆದುಬಿಟ್ಟಿದೀನಿ. ಪಿಕ್ಚರ್ ಕ್ವಾಲಿಟಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದೀನಿ.’

ಸ್ಪೂರ್ತಿ ಅವನ ಮುಖವನ್ನೇ ನೋಡಿದಳು. ಇನ್ನೇನಾದರೂ ಬರಬಹುದೆಂದು ಕಾದಳು. ಏನೂ ಬರಲಿಲ್ಲ. ಅವನು ಅವಳ ಉತ್ತರಕ್ಕಾಗಿ ಕಾಯುತ್ತಿದ್ದ, ಕಣ್ಣಲ್ಲಿ ನಿಜವಾದ ಭಯವಿತ್ತು. ಆ ಭಯ ಮದುವೆ ಮುರಿಯುವುದರ ಬಗ್ಗೆ ಆಗಿರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು.

‘ಒಂದು ಯಾಕೆ ಕಡಿಮೆ ಕೊಟ್ರಿ?’ ಎಂದು ಕೇಳಿದಳು.

‘ಹಳೇ ಫಿಲ್ಮ್ ಅಲ್ವಾ, ಅಲ್ಲಲ್ಲಿ ಗೀರು ಇತ್ತು,’ ಎಂದುಬಿಟ್ಟ ಈರೇಶ್.

ಅವಳು ಅವನನ್ನು ಬಟ್ಟೆಗಳ ನಡುವೆ ಬಿಟ್ಟು ಒಳಗೆ ಬಂದಳು. ಶರಣಮ್ಮ ದಂಡೆ ಹಿಡಿದುಕೊಂಡು ನಗುತ್ತ ಕಾಯುತ್ತಿದ್ದರು. ಸ್ಪೂರ್ತಿ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾಯಿಗೆ ಕೊಟ್ಟಳು.

‘ಅಮ್ಮ, ಇದನ್ನ ದೇವರಿಗೆ ಏರಿಸಿಬಿಡು,’ ಎಂದಳು.

ಮಹಾದೇವಿ ಮಗಳ ಮುಖ ನೋಡಿದರು. ಹೂವು ಹಿಡಿದುಕೊಂಡು ದೇವರ ಜಗಲಿಯ ಕಡೆ ಹೋದರು.